ಅರವತ್ತರ ಕಾಲಿಗೆ ಎಷ್ಟು ದೂರ?

‘ವಯಸ್ಸಾದ ಮ್ಯಾಲೆ ಓಡಿದ್ರ ಮೊಣಕಾಲು ಸವದು ಹೊಕ್ಕಾವ.’ ರಾಣೆಬೆನ್ನೂರಿನ ಕಡೆ ಈ ಮಾತು ಕೇಳಿಬರದ ಮನೆ ಕಡಿಮೆ. ನಸುಕಿನಲ್ಲಿ ಓಡಲು ಹೊರಟ ಅಪ್ಪನನ್ನು ಮಗ ತಡೆಯುತ್ತಾನೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆಯುತ್ತೇನೆಂದ ಅತ್ತೆಯನ್ನು ಸೊಸೆ ತಡೆಯುತ್ತಾಳೆ. ಅವರ ಕಾಳಜಿ ನಿಜವಾದದ್ದೇ. ಆದರೆ ಅದರ ಹಿಂದಿರುವ ನಂಬಿಕೆ ತಪ್ಪು.

ಮೊಣಕಾಲಿನ ಮೃದ್ವಸ್ಥಿ ಉರುಳಿದಷ್ಟೂ ಸವೆಯುವ ಟೈರಲ್ಲ, ಅದು ಜೀವಂತ ಅಂಗಾಂಶ. ಅದರಲ್ಲಿ ರಕ್ತನಾಳಗಳಿಲ್ಲ. ಹೆಜ್ಜೆ ಊರಿದಾಗ ಅದು ಹಿಂಡಿಕೊಳ್ಳುತ್ತದೆ, ಎತ್ತಿದಾಗ ಸುತ್ತಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಪೋಷಣೆ ಸಿಗುವುದೇ ಹೀಗೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮೊಣಕಾಲು ಅಥವಾ ಸೊಂಟದ ಕೀಲು ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ 3.5, ಕೂತೇ ಇರುವವರಲ್ಲಿ ಶೇ 10.2, ಉನ್ನತ ಮಟ್ಟದ ಸ್ಪರ್ಧಿಗಳಲ್ಲಿ ಶೇ 13.3. ಕೀಲು ಕೆಟ್ಟವರು ಮೊದಲೇ ಓಟ ಬಿಟ್ಟಿರಬಹುದು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಊದಿದ ಮೊಣಕಾಲಿಟ್ಟುಕೊಂಡು ಓಡಿ ಎಂದು ಈ ಅಂಕಿಗಳು ಹೇಳುವುದಿಲ್ಲ. ಹವ್ಯಾಸದ ಓಟದಿಂದಲೇ ಕೀಲು ಹಾಳಾಗುತ್ತದೆ ಎಂಬ ಮಾತಿಗಂತೂ ಇವು ಆಧಾರ ಕೊಡುವುದಿಲ್ಲ.

ಇನ್ನೊಂದು ನಂಬಿಕೆ: ದೂರದ ದಾರಿ ಏನಿದ್ದರೂ ಹರೆಯದವರದು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ತಂಡದಲ್ಲಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು. ಆಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಮುಂದೆ ನಡೆಯುತ್ತಿದ್ದ ಗಾಂಧೀಜಿಗೆ 60 ವರ್ಷ. ಸುಮಾರು 385 ಕಿ.ಮೀ. ದಾರಿ, 24 ದಿನ. ಗಾಂಧೀಜಿಗೆಂದು ಕುದುರೆಯೊಂದನ್ನು ಜೊತೆಗಿಟ್ಟಿದ್ದರೂ ಅವರು ನಡೆದೇ ಹೋದರು. ದಾರಿಯಲ್ಲಿ ಬಳಲಿದವರಲ್ಲಿ, ಕಾಯಿಲೆ ಬಿದ್ದವರಲ್ಲಿ ಕಿರಿಯರೂ ಇದ್ದರು.

ಗಾಂಧೀಜಿಯ ಆ ನಡಿಗೆಯನ್ನು ಪವಾಡ ಎಂದುಬಿಟ್ಟರೆ ಆ ಕಾಲುಗಳ ದುಡಿಮೆಯನ್ನು ಮರೆತಂತೆ. ಲಂಡನ್ನಿನಲ್ಲಿ ಓದುವಾಗಲೇ ಅವರು ದಿನಕ್ಕೆ ಎಂಟು–ಹತ್ತು ಮೈಲಿ ನಡೆಯುತ್ತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಅವರು ಕಟ್ಟಿದ ಟಾಲ್‌ಸ್ಟಾಯ್ ಫಾರ್ಮ್‌ನಿಂದ ಜೋಹಾನ್ಸ್‌ಬರ್ಗ್ 21 ಮೈಲಿ. ಸ್ವಂತ ಕೆಲಸಕ್ಕೆ ಹೋಗುವವರು ನಡೆದೇ ಹೋಗಬೇಕೆಂಬುದು ಅಲ್ಲಿನ ನಿಯಮ. ದಂಡಿಯ ನಡಿಗೆಯನ್ನೂ ಬೆಳಿಗ್ಗೆ, ಸಂಜೆ ಎಂದು ಎರಡು ಪಾಳಿ ಮಾಡಿದ್ದರು, ಸೋಮವಾರ ವಿಶ್ರಾಂತಿ. ಮ್ಯಾರಥಾನ್‌ಗಿಂತಲೂ ದೂರ ಓಡುವ ಇಂದಿನ ಅಲ್ಟ್ರಾ ಓಟಗಾರರು ಕಲಿಯುವುದೂ ಇದನ್ನೇ: ಮೊದಲ ದಿನವೇ ಕಸುವು ಖರ್ಚು ಮಾಡಿಕೊಳ್ಳಬಾರದು. ವಯಸ್ಸಾದಂತೆ ಮೊದಲು ಕುಗ್ಗುವುದು ಸ್ನಾಯುವಿನಲ್ಲಿ ವೇಗ ಕೊಡುವ ಎಳೆಗಳು. ನಿಧಾನವಾಗಿ ಬಹಳ ಹೊತ್ತು ದುಡಿಯುವ ಎಳೆಗಳು ಹೆಚ್ಚು ಬಾಳುತ್ತವೆ. ನೂರು ಮೀಟರ್ ಓಟ ಕೈಬಿಟ್ಟುಹೋದ ಮೇಲೂ ನೂರು ಕಿಲೋಮೀಟರ್ ದಕ್ಕುವುದು ಹೀಗೆ.

1983ರಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ವರೆಗಿನ 875 ಕಿ.ಮೀ. ಓಟವನ್ನು 61 ವರ್ಷದ ಆಲೂಗಡ್ಡೆ ಬೆಳೆಗಾರ ಕ್ಲಿಫ್ ಯಂಗ್ ಗೆದ್ದರು. ತಯಾರಿಯೇ ಇಲ್ಲದ ರೈತ ಬಂದು ಗೆದ್ದ ಎಂದು ವಾಟ್ಸ್‌ಆ್ಯಪ್‌ನಲ್ಲಿ ಇಂದಿಗೂ ಆ ಕತೆ ಓಡಾಡುತ್ತದೆ. ಅದು ಅರ್ಧ ಸುಳ್ಳು. ಹಿಂದಿನ ವರ್ಷವೇ ಅವರು ಸಾವಿರ ಮೈಲಿಯ ವಿಶ್ವದಾಖಲೆಗೆ ಪ್ರಯತ್ನಿಸಿ, ಅರ್ಧ ದಾಟಿದ ಮೇಲೆ ಕೈಬಿಟ್ಟಿದ್ದರು. ರೈತರ ಮೈಕಸುವು ದೊಡ್ಡದು, ನಿಜ. ಆದರೆ ತಿಂಗಳುಗಟ್ಟಲೆ ಓಡಿ ಪಳಗಿದ ಕಾಲು ಅದು. ಈ ಕತೆ ಕೇಳಿ ಅಭ್ಯಾಸವಿಲ್ಲದೆ ಒಂದೇ ದಿನ ನಲವತ್ತು ಕಿ.ಮೀ. ನಡೆದವರ ಅಂಗಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಮರುದಿನ ಹೆಜ್ಜೆ ಊರಲಾರದೆ ಕುಂಟುವುದನ್ನು ಪಾದಯಾತ್ರೆಗಳಲ್ಲಿ ಕಾಣುತ್ತೇವೆ.

ಕೊನೆಯದು ನೀರಿನ ಮಾತು. ‘ಬಾಯಾರಿಕೆ ಇಲ್ಲದಿದ್ರೂ ಕುಡೀತಾ ಇರ್ರಿ’ ಎಂಬ ಉಪದೇಶ ಅಪಾಯಕಾರಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರ ಪೈಕಿ ಶೇ 13ರಷ್ಟು ಜನರ ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಅತಿಯಾಗಿ ಕುಡಿದು ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲೇ ಅದು ಹೆಚ್ಚು. ದಾರಿಯಲ್ಲಿ ತಲೆನೋವು, ವಾಂತಿ, ಗೊಂದಲ ಕಂಡರೆ ಅದು ಸೋಡಿಯಂ ಇಳಿದ ಲಕ್ಷಣವೂ ಇರಬಹುದು; ಬಿಸಿಲಿನದೇ ಎಂದುಕೊಂಡು ಇನ್ನೊಂದು ಬಾಟಲಿ ನೀರು ಕುಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವ ಹಿರಿಯರಲ್ಲಿ ಸೋಡಿಯಂ ಇನ್ನೂ ಬೇಗ ಇಳಿಯಬಹುದು; ಅವರು ಹೊರಡುವ ಮುನ್ನವೇ ಡಾಕ್ಟರನ್ನು ಕೇಳಿಕೊಳ್ಳಬೇಕು.