ಒಂದಕ್ಕಿಂತ ಕಿರಿದಾದ ಸಂಖ್ಯೆಗಳ ಲಾಗರಿದಮ್

ಒಂದು ಸಂಖ್ಯೆಯನ್ನು ಎಷ್ಟನೆಯ ಘಾತಕ್ಕೆ ಏರಿಸಿದರೆ ಗೊತ್ತಾದ ಇನ್ನೊಂದು ಸಂಖ್ಯೆ ದೊರೆಯುತ್ತದೆ ಎಂಬ ಪ್ರಶ್ನೆಗೆ ಉತ್ತರವಾಗಿ ಬರುವ ಘಾತಾಂಕವೇ ಲಾಗರಿದಮ್. ಮೂರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 8 ಬರುವುದರಿಂದ, ಆಧಾರ ಸಂಖ್ಯೆ 2 ಆಗಿರುವಾಗ 8ರ ಲಾಗರಿದಮ್ 3; ಇದನ್ನು ಲಾಗ್₂ 8 = 3 ಎಂದು ಬರೆಯಬಹುದು. ಆದರೆ ಅದೇ ಆಧಾರದಲ್ಲಿ 1/8ರ ಲಾಗರಿದಮ್ ಎಷ್ಟೆಂದು ಕೇಳಿದಾಗ ಕಲಿಯುವವರು ತಡವರಿಸುವುದು ಸಹಜ. ಏಕೆಂದರೆ 2ನ್ನು ಎಷ್ಟು ಬಾರಿ ಗುಣಿಸಿದರೂ ಗುಣಲಬ್ಧ ಹಿರಿದಾಗುತ್ತ ಹೋಗುತ್ತದೆಯೇ ಹೊರತು ಎಂದಿಗೂ 1ಕ್ಕಿಂತ ಕಿರಿದಾಗುವುದಿಲ್ಲ. ಈ ತೊಡಕನ್ನು ಬಿಡಿಸುವುದು ಋಣ ಘಾತಾಂಕ.

2ರ ಘಾತಗಳನ್ನು ಮೇಲಿನಿಂದ ಕೆಳಕ್ಕೆ 8, 4, 2, 1 ಎಂದು ಬರೆದರೆ ಪ್ರತಿ ಹೆಜ್ಜೆಯಲ್ಲೂ ಸಂಖ್ಯೆ ಅರ್ಧವಾಗುತ್ತದೆ, ಘಾತಾಂಕ 3, 2, 1, 0 ಎಂದು ಒಂದೊಂದೇ ಕಡಿಮೆಯಾಗುತ್ತದೆ. ಅಲ್ಲಿಗೆ ನಿಲ್ಲದೆ ಮುಂದುವರಿದರೆ 1/2, 1/4, 1/8 ಎಂಬ ಭಿನ್ನರಾಶಿಗಳಿಗೆ −1, −2, −3 ಎಂಬ ಘಾತಾಂಕಗಳು ತಾವಾಗಿಯೇ ಒದಗುತ್ತವೆ. ಜರ್ಮನಿಯ ಮಿಖಾಯೆಲ್ ಸ್ಟೀಫೆಲ್ 1544ರಲ್ಲಿ ಪ್ರಕಟಿಸಿದ ‘ಅರಿತ್ಮೆಟಿಕಾ ಇಂಟೆಗ್ರಾ’ ಗ್ರಂಥದಲ್ಲಿ ಇಂಥದೇ ಪಟ್ಟಿಯನ್ನು ಶೂನ್ಯದ ಕೆಳಗೂ ವಿಸ್ತರಿಸಿ, 1/8ರ ನೇರಕ್ಕೆ −3ನ್ನು ಇರಿಸಿದ್ದನು. ಹೀಗೆ 2⁻³ ಎಂದರೆ 2³ರ ವ್ಯುತ್ಕ್ರಮ, ಅಂದರೆ 1ನ್ನು 8ರಿಂದ ಭಾಗಿಸಿದಾಗ ಬರುವ ಬೆಲೆ. ಅದು −8 ಅಲ್ಲ, −6 ಕೂಡ ಅಲ್ಲ. ಘಾತಾಂಕದ ಋಣ ಚಿಹ್ನೆ ಭಾಗಾಕಾರವನ್ನು ತಿಳಿಸುತ್ತದೆಯೇ ಹೊರತು ಫಲವನ್ನು ಋಣ ಸಂಖ್ಯೆಯಾಗಿ ಮಾಡುವುದಿಲ್ಲ ಎಂಬುದನ್ನು ಮನದಟ್ಟು ಮಾಡಿಕೊಂಡರೆ ಅರ್ಧ ಗೊಂದಲ ಪರಿಹಾರವಾದಂತೆ.

ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದು ಎಂದು ಎಣಿಸುವ ವಿಚಾರ ಭಾರತದಲ್ಲಿಯೂ ಹಳೆಯದು. 9ನೆಯ ಶತಮಾನದ ಜೈನ ಆಚಾರ್ಯ ವೀರಸೇನರು ‘ಧವಲಾ’ ಟೀಕೆಯಲ್ಲಿ ಈ ಎಣಿಕೆಯನ್ನು ‘ಅರ್ಧಚ್ಛೇದ’ವೆಂದು ಕರೆದಿದ್ದಾರೆ, 8ರ ಅರ್ಧಚ್ಛೇದ 3, 16ರದು 4. ಆಧಾರ 2ರ ಲಾಗರಿದಮ್ ಹೇಳುವುದೂ ಇದನ್ನೇ. ಆ ಗ್ರಂಥದ ತಾಳೆಗರಿ ಪ್ರತಿಗಳು ಮೂಡಬಿದಿರೆಯಲ್ಲಿ ಕನ್ನಡ ಲಿಪಿಯಲ್ಲಿ ಉಳಿದುಬಂದದ್ದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಲೆಕ್ಕ ಮಾಡುವ ಕ್ರಮ ಸರಳವಾದುದು: ಕೊಟ್ಟ ಸಂಖ್ಯೆಯನ್ನು ಮೊದಲು ಭಿನ್ನರಾಶಿಯಾಗಿ, ಬಳಿಕ ಆಧಾರದ ಘಾತವಾಗಿ ಬರೆದು, ಕೊನೆಗೆ ಘಾತಾಂಕವನ್ನು ಓದಿಕೊಂಡರಾಯಿತು. ಲಾಗ್₅ 0.04 ಬೇಕಾದರೆ, 0.04 ಎಂಬುದು 1/25, ಅಂದರೆ 5⁻² ಆಗಿರುವುದರಿಂದ ಉತ್ತರ −2. ಸಂಖ್ಯೆ ಆಧಾರದ ಪೂರ್ಣ ಘಾತವಾಗಿರದಿದ್ದರೆ ಎರಡನ್ನೂ ಒಂದೇ ಚಿಕ್ಕ ಆಧಾರಕ್ಕೆ ಇಳಿಸಬೇಕು; ಲಾಗ್₄ 1/8 ಎಂಬಲ್ಲಿ 4 ಎಂದರೆ 2², 1/8 ಎಂದರೆ 2⁻³ ಆದುದರಿಂದ, ಬೇಕಾದ ಘಾತಾಂಕದ ಎರಡರಷ್ಟು −3ಕ್ಕೆ ಸಮವಾಗಬೇಕು, ಆದ್ದರಿಂದ ಉತ್ತರ −3/2. ಆಧಾರವೇ 1ಕ್ಕಿಂತ ಕಿರಿದಾದಾಗ ಚಿಹ್ನೆಗಳು ಅದಲುಬದಲಾಗುತ್ತವೆ. 1/3ನ್ನು −2ನೆಯ ಘಾತಕ್ಕೆ ಏರಿಸಿದರೆ 9 ದೊರೆಯುವುದರಿಂದ, ಆಧಾರ 1/3 ಇರುವಾಗ 9ರ ಲಾಗರಿದಮ್ −2. ಧನ ಆಧಾರದ ಯಾವ ಘಾತವೂ ಶೂನ್ಯವೋ ಋಣ ಸಂಖ್ಯೆಯೋ ಆಗುವುದಿಲ್ಲವಾದ್ದರಿಂದ, ಲಾಗರಿದಮ್ ಋಣವಾಗಿರಬಹುದಾದರೂ ಋಣ ಸಂಖ್ಯೆಗೆ ವಾಸ್ತವ ಸಂಖ್ಯೆಗಳಲ್ಲಿ ಲಾಗರಿದಮ್ ಇಲ್ಲ.

ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕವನ್ನು ಪ್ರಕಟಿಸಿದ ಬಳಿಕ, ಇಂಗ್ಲೆಂಡಿನ ಹೆನ್ರಿ ಬ್ರಿಗ್ಸ್ ಅವನನ್ನು ಕಂಡು ಚರ್ಚಿಸಿ, 1ರ ಲಾಗರಿದಮ್ ಶೂನ್ಯವಾಗುವ, 10ನ್ನು ಆಧಾರವಾಗಿ ಹೊಂದಿದ ಪದ್ಧತಿಯನ್ನು ರೂಪಿಸಿದನು. ಈ ಪದ್ಧತಿಯಲ್ಲಿ 2ರ ಲಾಗರಿದಮ್ ಸುಮಾರು 0.3010, 0.002 ಎಂಬುದು 2 × 10⁻³ ಆದುದರಿಂದ ಅದರ ಲಾಗರಿದಮ್ 0.3010 − 3, ಅಂದರೆ −2.6990. ಲಾಗ್ ಟೇಬಲ್ ಬಳಸುತ್ತಿದ್ದವರು ಇದನ್ನು ಹೀಗೆ ಕೂಡಿಸಿ ಬರೆಯದೆ, 3ರ ತಲೆಯ ಮೇಲೆ ಗೆರೆಯೆಳೆದು ಅದರ ಮುಂದೆ .3010 ಎಂದು ಬರೆಯುತ್ತಿದ್ದರು. ಗೆರೆ ಪೂರ್ಣಾಂಕ ಭಾಗಕ್ಕೆ ಮಾತ್ರ ಅನ್ವಯಿಸುತ್ತಿದ್ದು, ದಶಮಾಂಶ ಭಾಗ ಧನವಾಗಿಯೇ ಉಳಿಯುತ್ತಿದ್ದುದರಿಂದ 2, 200, 0.002 ಎಲ್ಲಕ್ಕೂ ಕೋಷ್ಟಕದ ಒಂದೇ ನಮೂದು ಸಾಕಾಗುತ್ತಿತ್ತು.

ಋಣ ಘಾತಾಂಕದ ಈ ಉಪಯೋಗ ಇಂದು ರೈತರ ಕೈಯಲ್ಲಿರುವ ಮಣ್ಣು ಪರೀಕ್ಷೆಯ ವರದಿಯಲ್ಲೂ ಇದೆ. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್‌ಸೆನ್ 1909ರಲ್ಲಿ ರೂಪಿಸಿದ ಪಿಎಚ್, ಅಂದರೆ ರಸಸಾರ, ದ್ರಾವಣದಲ್ಲಿರುವ ಜಲಜನಕ ಅಯಾನುಗಳ ಸಾಂದ್ರತೆಯ ಲಾಗರಿದಮ್ಮಿಗೆ ಋಣ ಚಿಹ್ನೆ ಹಚ್ಚಿದ ಸಂಖ್ಯೆ. 25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ ಆ ಸಾಂದ್ರತೆ ಲೀಟರಿಗೆ 10⁻⁷ ಮೋಲ್. ಅದರ ಲಾಗರಿದಮ್ −7, ಚಿಹ್ನೆ ಬದಲಿಸಿದರೆ ರಸಸಾರ 7. ಹಾಗಾಗಿ ರಸಸಾರ 6.5 ಇರುವ ಮಣ್ಣಿಗಿಂತ 5.5 ಇರುವ ಮಣ್ಣಿನಲ್ಲಿ ಈ ಸಾಂದ್ರತೆ ಹತ್ತು ಪಟ್ಟು ಹೆಚ್ಚು. ಒಂದೇ ಅಂಕಿಯ ಅಂತರವೆಂದು ಅದನ್ನು ಕಡೆಗಣಿಸುವಂತಿಲ್ಲ.

ಕ್ಯಾಲ್ಕುಲೇಟರ್ ಉತ್ತರವನ್ನು ಕ್ಷಣದಲ್ಲಿ ಕೊಡುತ್ತದೆ, ಆದರೆ ಆ ಉತ್ತರ ಏಕೆ ಋಣವಾಯಿತು ಎಂಬುದನ್ನು ಅದು ತಿಳಿಸುವುದಿಲ್ಲ. ಆದ್ದರಿಂದ ಲಾಗರಿದಮ್ಮಿನ ಸೂತ್ರಗಳನ್ನು ಕಂಠಪಾಠ ಮಾಡಿಸುವ ಮೊದಲು, ಪ್ರತಿಯೊಂದು ಲೆಕ್ಕವನ್ನೂ ಘಾತಗಳ ರೂಪಕ್ಕೆ ತಿರುಗಿಸಿ ಬರೆಯುವ ಅಭ್ಯಾಸವನ್ನು ಶಿಕ್ಷಕರು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಅಗತ್ಯ.