ಪಂದ್ಯಕ್ಕಿಟ್ಟ ಪ್ರೀತಿ! ಫ್ರೆಂಚ್ ಅರಮನೆಯಿಂದ ನಮ್ಮ ಕುಮ್ಮಟದುರ್ಗದವರೆಗೆ...

ಚಿತ್ರರಸಿಕ ಮಿತ್ರರೇ, ಕತ್ತಿಯಿಂದ ಸತ್ತವರ ಕಥೆ ಬೇಕಾದಷ್ಟು ನೋಡಿದ್ದೀರಿ. ಕಾಗದದಿಂದ ಸತ್ತವರ ಕಥೆ ನೋಡಿದ್ದೀರಾ? ನಾನು ನೋಡಿದೆ. ಒಂದನ್ನು ತೆರೆಯ ಮೇಲೆ, ಇನ್ನೊಂದನ್ನು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ! ಎರಡನೆಯದರಲ್ಲಿ ನನಗೂ ಒಂದು ಪಾತ್ರವಿತ್ತು. ಹೀರೋ ಪಾತ್ರವಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮೂರು ಯಲಬುರ್ಗಾ. ಸಣ್ಣ ಊರು ಅಂತ ಮೂಗು ಮುರಿಯಬೇಡಿ. ಹಳೆಯ ಶಾಸನಗಳಲ್ಲಿ ಇದರ ಹೆಸರು ಎರಂಬರಗೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದ ಅರಸರ ರಾಜಧಾನಿ. ಅರಮನೆ ಅಂದಮೇಲೆ ಅಂತಃಪುರ, ಅಂತಃಪುರ ಅಂದಮೇಲೆ ಪಿಸುಮಾತು, ಪಿಸುಮಾತು ಅಂದಮೇಲೆ ಪಿತೂರಿ! ಇದು ಎಲ್ಲ ದೇಶಕ್ಕೂ ಒಂದೇ.

ಮೊನ್ನೆ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಇಪ್ಪತ್ತರ ಹುಡುಗ, ತಲೆತುಂಬ ಕೂದಲು, ಕೈಯಲ್ಲಿ ಫೋನು. ಊಟಕ್ಕೆ ಕೂತಾಗಲೂ ಒಬ್ಬನೇ ನಗುತ್ತಿದ್ದ.

“ಏನಳಿಯಾ, ಏನು ವಿಶೇಷ?” ಅಂದೆ.

“ಏನಿಲ್ಲ ಮಾಮಾ, ಒಂದು ಬೆಟ್ ಕಟ್ಟೇವಿ. ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ಅದಾಳ, ಯಾರ ಕೂಡಾನೂ ಮಾತಾಡೂದಿಲ್ಲ. ಆಕಿ ಕಡೆಯಿಂದ ‘ಪ್ರೀತಿ’ ಅಂತ ಮೆಸೇಜ್ ತರಸ್ಬೇಕು. ಬಂತಂದ್ರ ಸ್ಕ್ರೀನ್‌ಶಾಟ್ ತಗದು ಗ್ರೂಪಿಗೆ ಹಾಕೂದು. ಗೆದ್ದಾಂವಗ ಗಂಗಾವತಿಯೊಳಗ ಬಿರಿಯಾನಿ!”

ತುತ್ತು ನನ್ನ ಗಂಟಲಲ್ಲೇ ನಿಂತಿತು. ಬೈಯಬೇಕೆನಿಸಿತು, ಬೈಯಲಿಲ್ಲ. “ಅಳಿಯಾ, ರಾತ್ರಿ ಒಂದು ಪಿಚ್ಚರ್ ನೋಡೂಣು ಬಾ” ಅಂದೆ.

ತೋರಿಸಿದ್ದು ‘ಡೇಂಜರಸ್ ಲಿಯೇಸನ್ಸ್’. 1988ರ ಇಂಗ್ಲಿಷ್ ಚಿತ್ರ, ಕಥೆ ಮಾತ್ರ ಅಪ್ಪಟ ಫ್ರೆಂಚ್. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್. ಮೂಲ ಕಾದಂಬರಿ ಬರೆದವನು ಲಾಕ್ಲೊ ಎಂಬ ಫಿರಂಗಿ ಪಡೆಯ ಅಧಿಕಾರಿ! 1782ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಕಥೆ ಹೇಳುವವರು ಯಾರೂ ಇಲ್ಲ. ಬರೀ 175 ಪತ್ರಗಳು. ಅವರಿವರು ಬರೆದ ಪತ್ರಗಳನ್ನು ಓದುತ್ತ ಓದುತ್ತ ಒಳಸಂಚು ನಮಗೇ ಬಿಚ್ಚಿಕೊಳ್ಳುತ್ತದೆ. ಪುಸ್ತಕ ಬಂದ ಏಳೇ ವರ್ಷಕ್ಕೆ, 1789ರಲ್ಲಿ, ಫ್ರಾನ್ಸಿನಲ್ಲಿ ಮಹಾಕ್ರಾಂತಿಯಾಗಿ ಆ ಶ್ರೀಮಂತರ ದರ್ಬಾರೇ ಉರುಳಿತು.

ಚಿತ್ರದ ಆರಂಭ ನೋಡಬೇಕು, ಆಹಾ! ಇಬ್ಬರು ಸಿಂಗಾರವಾಗುತ್ತಿದ್ದಾರೆ. ಒಂದು ಕಡೆ ಮರ್ತೆಯ್ ಎಂಬ ದೊಡ್ಡ ಮನೆತನದ ವಿಧವೆ, ಇನ್ನೊಂದು ಕಡೆ ವಾಲ್ಮಾಂಟ್ ಎಂಬ ಸರದಾರ. ಆಳುಕಾಳುಗಳು ಲೇಸು ಬಿಗಿಯುತ್ತಾರೆ, ಪೌಡರು ಬಳಿಯುತ್ತಾರೆ, ಟೋಪನ್ನು ಕೂರಿಸುತ್ತಾರೆ. ಯುದ್ಧಕ್ಕೆ ಹೊರಟ ದಂಡನಾಯಕನಿಗೆ ಕವಚ ತೊಡಿಸಿದಂತೆ!

ಯುದ್ಧ ಯಾರ ಮೇಲೆ? ಇಬ್ಬರು ಹೆಣ್ಣುಮಕ್ಕಳ ಮೇಲೆ. ಮರ್ತೆಯ್‌ಳನ್ನು ಬಿಟ್ಟುಹೋದ ಪ್ರಿಯಕರ, ಕಾನ್ವೆಂಟಿನಿಂದ ಆಗತಾನೇ ಹೊರಬಂದ ಸೆಸಿಲ್ ಎಂಬ ಎಳೆಯ ಹುಡುಗಿಯನ್ನು ಮದುವೆಯಾಗಲಿದ್ದಾನೆ. ಮದುವೆಗೆ ಮುಂಚೆ ಆ ಹುಡುಗಿಯನ್ನು ಕೆಡಿಸು ಅಂತ ಮರ್ತೆಯ್ ವಾಲ್ಮಾಂಟ್‌ಗೆ ಹೇಳುತ್ತಾಳೆ. ಅವನಿಗೆ ಅದು ತೀರಾ ಸಲೀಸು ಕೆಲಸ! ಅವನ ಕಣ್ಣು ಟೂರ್ವೆಲ್ ಎಂಬ ದೈವಭಕ್ತೆ ಗೃಹಿಣಿಯ ಮೇಲೆ. ಆಕೆಯನ್ನು ಗೆದ್ದು, ಆಕೆಯ ಕೈಬರಹದ ಸಾಕ್ಷಿ ತಂದರೆ ಒಂದು ರಾತ್ರಿ ನಿನ್ನವಳಾಗುತ್ತೇನೆ ಅಂತ ಮರ್ತೆಯ್ ಪಂದ್ಯ ಕಟ್ಟುತ್ತಾಳೆ.

ಇಲ್ಲಿ ನನ್ನ ಅಳಿಯ ಎದ್ದು ಕೂತ. “ಮಾಮಾ, ಇದು ಸ್ಕ್ರೀನ್‌ಶಾಟ್ ಇದ್ದಂಗ ಆತಲ್ಲ!”

“ಸುಮ್ನ ನೋಡು” ಅಂದೆ.

ವಾಲ್ಮಾಂಟ್ ಆಡುವ ನಾಟಕ ಒಂದೆರಡಲ್ಲ. ಟೂರ್ವೆಲ್‌ಳ ಆಳು ತನ್ನನ್ನು ಹಿಂಬಾಲಿಸುತ್ತಿದ್ದಾನೆ ಅಂತ ಗೊತ್ತಿದ್ದೇ, ಬಡ ಕುಟುಂಬವೊಂದರ ತೆರಿಗೆ ಬಾಕಿ ಕಟ್ಟಿ ಧರ್ಮಾತ್ಮನಾಗುತ್ತಾನೆ. ವೇಶ್ಯೆಯೊಬ್ಬಳ ಬೆನ್ನನ್ನೇ ಮೇಜು ಮಾಡಿಕೊಂಡು ಟೂರ್ವೆಲ್‌ಗೆ ವಿರಹದ ಪತ್ರ ಬರೆಯುತ್ತಾನೆ. ಮಧ್ಯೆ ಸೇಡಿಗಾಗಿ ಸೆಸಿಲ್‌ಳನ್ನೂ ಕೆಡಿಸುತ್ತಾನೆ. ಕೊನೆಗೆ ಟೂರ್ವೆಲ್ ಸೋಲುತ್ತಾಳೆ. ಆದರೆ ಅಷ್ಟರಲ್ಲಿ ಅವನೇ ಸೋತಿರುತ್ತಾನೆ, ಅವಳನ್ನು ನಿಜವಾಗಿ ಪ್ರೀತಿಸಿಬಿಟ್ಟಿರುತ್ತಾನೆ! ಮರ್ತೆಯ್ ನಗುತ್ತಾಳೆ. ಆ ನಗುವಿಗೆ ಹೆದರಿ, ತನ್ನ ಮಾನ ಉಳಿಸಿಕೊಳ್ಳಲು, ವಾಲ್ಮಾಂಟ್ ಪ್ರೀತಿಸಿದವಳನ್ನೇ ಒದ್ದು ಬರುತ್ತಾನೆ. ಇದು ನನ್ನ ಕೈಮೀರಿದ್ದು ಅಂತ ಮತ್ತೆ ಮತ್ತೆ ಅದನ್ನೇ ಹೇಳುತ್ತಾನೆ. ಮುಂದೆ ದ್ವಂದ್ವಯುದ್ಧ, ಹಿಮದ ಮೇಲೆ ರಕ್ತ. ಸಾಯುವಾಗ ಪತ್ರಗಳ ಕಟ್ಟನ್ನು ಎದುರಾಳಿಯ ಕೈಗೇ ಕೊಡುತ್ತಾನೆ. ಅಲ್ಲಿ ಟೂರ್ವೆಲ್ ಹಾಸಿಗೆ ಹಿಡಿದು ಪ್ರಾಣ ಬಿಡುತ್ತಾಳೆ. ಪತ್ರಗಳು ಊರೆಲ್ಲ ಸುತ್ತಿ, ನಾಟಕಮಂದಿರದಲ್ಲಿ ಮರ್ತೆಯ್‌ಗೆ ಜನ ಛೀಮಾರಿ ಹಾಕುತ್ತಾರೆ. ಕೊನೆಯ ದೃಶ್ಯದಲ್ಲಿ ಅವಳು ಒಬ್ಬಳೇ ಕನ್ನಡಿಯ ಮುಂದೆ ಬಣ್ಣ ಒರೆಸಿಕೊಳ್ಳುತ್ತಾಳೆ. ಬಣ್ಣ ಹಚ್ಚುವುದರಿಂದ ಶುರುವಾದ ಚಿತ್ರ ಬಣ್ಣ ತೆಗೆಯುವುದರಲ್ಲಿ ಮುಗಿಯುತ್ತದೆ.

ಮರ್ತೆಯ್ ಆಗಿ ಗ್ಲೆನ್ ಕ್ಲೋಸ್. ಆಕೆ ಕಣ್ಣಿನಲ್ಲೇ ವಿಷ ಕಾರುವುದನ್ನು ನೋಡಿಯೇ ತಿಳಿಯಬೇಕು. ವಾಲ್ಮಾಂಟ್ ಆಗಿ ಜಾನ್ ಮಾಲ್ಕೊವಿಚ್, ಟೂರ್ವೆಲ್ ಆಗಿ ಚೆಲುವೆ ಮಿಷೆಲ್ ಫೈಫರ್. ಎಳೆ ಹುಡುಗಿ ಸೆಸಿಲ್ ಯಾರು ಗೊತ್ತೇ? ಮುಂದೆ 2003ರಲ್ಲಿ ‘ಕಿಲ್ ಬಿಲ್’ನಲ್ಲಿ ಕತ್ತಿ ಬೀಸಿದ ಉಮಾ ಥರ್ಮನ್! ತಂದೆ ಬೌದ್ಧ ವಿದ್ವಾಂಸ, ಹಾಗಾಗಿ ಮಗಳ ಹೆಸರು ಉಮಾ ಕರುಣಾ. ದ್ವಂದ್ವಯುದ್ಧ ಮಾಡುವ ಹುಡುಗ ‘ಮೇಟ್ರಿಕ್ಸ್’ ಖ್ಯಾತಿಯ ಕಿಯಾನು ರೀವ್ಸ್. ಏಳು ಆಸ್ಕರ್ ನಾಮಕರಣ, ಚಿತ್ರಕಥೆ, ಕಲಾ ನಿರ್ದೇಶನ, ವಸ್ತ್ರಾಲಂಕಾರಕ್ಕೆ ಮೂರು ಪ್ರಶಸ್ತಿ. ಮರುವರ್ಷ ಮಿಲೋಸ್ ಫೋರ್ಮನ್ ಇದೇ ಕಥೆಯನ್ನು ‘ವಾಲ್ಮಾಂಟ್’ ಅಂತ ತೆಗೆದರು. 2003ರಲ್ಲಿ ಕೊರಿಯಾದವರೂ ತಮ್ಮ ಉಡುಪು ತೊಡಿಸಿ ತೆಗೆದರು.

ಚಿತ್ರ ಮುಗಿದಾಗ ಅಳಿಯ ಸುಮ್ಮನಿದ್ದ. ಆಮೇಲೆ ಕೇಳಿದ, “ಮಾಮಾ, ವಾಲ್ಮಾಂಟ್ ಹೀರೋನೋ, ವಿಲನ್ನೋ?”

“ನಾಳಿ ಹೇಳ್ತೀನಿ, ಗಾಡಿ ತಗಿ” ಅಂದೆ.

ಮರುದಿನ ಇಬ್ಬರೂ ಗಂಗಾವತಿ ಸೀಮೆಗೆ ಹೋದೆವು, ಜಬ್ಬಲಗುಡ್ಡದ ಹತ್ತಿರದ ಕುಮ್ಮಟದುರ್ಗಕ್ಕೆ. ಬಂಡೆಗಲ್ಲಿನ ಗುಡ್ಡ, ಮುರಿದ ಕೋಟೆಗೋಡೆ. ಅಭಿಮಾನಿ ಮಿತ್ರರೇ, ನಮ್ಮ ‘ಡೇಂಜರಸ್ ಲಿಯೇಸನ್ಸ್’ ನಡೆದದ್ದು ಇಲ್ಲೇ!

ಕಂಪಿಲರಾಯನ ಮಗ ಗಂಡುಗಲಿ ಕುಮಾರರಾಮ. ಮುಪ್ಪಿನ ರಾಯನಿಗೆ ರತ್ನಾಜಿ ಎಂಬ ಪ್ರಾಯದ ಹೆಂಡತಿ. ಚೆಂಡಾಟದಲ್ಲಿ ಚೆಂಡು ರತ್ನಾಜಿಯ ಅರಮನೆಗೆ ಬಿತ್ತು, ರಾಮ ಅದನ್ನು ತರಲು ಹೋದ. ಆಕೆ ಅವನ ರೂಪಕ್ಕೆ ಸೋತಳು, ಸೆರಗು ಹಿಡಿದಳು. “ನೀವು ನನ್ನ ತಾಯಿ” ಅಂದ ರಾಮ ತಿರುಗಿ ನಡೆದ. ಅಷ್ಟಕ್ಕೇ ಬಿಟ್ಟಳೇ? ಮಗನೇ ನನ್ನ ಮೇಲೆ ಕೈ ಹಾಕಿದ ಅಂತ ರಾಯನ ಕಿವಿಗೆ ವಿಷ ಹಾಕಿದಳು. ರಾಯ ಹಿಂದೆಮುಂದೆ ನೋಡದೆ ಮಗನ ತಲೆ ತರಲು ಅಪ್ಪಣೆ ಕೊಟ್ಟ! ಮಂತ್ರಿ ಬೈಚಪ್ಪ ಜಾಣ. ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸಿದ. ದಿಲ್ಲಿಯ ದಂಡು ಬಂದು ಕೋಟೆ ನಡುಗಿದಾಗ, ಸತ್ತನೆಂದುಕೊಂಡಿದ್ದ ರಾಮನೇ ಹೊರಬಂದು ಕತ್ತಿ ಹಿಡಿದ.

ರತ್ನಾಜಿಯ ಭಾಗ ಕಾವ್ಯದ್ದು, ಜನಪದದ್ದು. ಇತಿಹಾಸ ಹೇಳುವುದಿಷ್ಟು: ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನನಿಗೆ ಕಂಪಿಲರಾಯ ಆಶ್ರಯ ಕೊಟ್ಟ, ಆ ಕಾರಣಕ್ಕೆ ದಂಡು ಬಂತು, 1327ರ ಹೊತ್ತಿಗೆ ರಾಜ್ಯ ಅಳಿಯಿತು. ನಂಜುಂಡ ಕವಿ 16ನೇ ಶತಮಾನದಲ್ಲಿ ಸಾಂಗತ್ಯದಲ್ಲಿ ರಾಮನ ಕಥೆ ಹಾಡಿದ. ರಾಮನಿಗೆ ಜನ ಕೊಟ್ಟ ಬಿರುದು ‘ಪರನಾರಿ ಸಹೋದರ’. ಇವತ್ತಿಗೂ ಅವನ ಕಟ್ಟಿಗೆಯ ತಲೆಗೆ ಪೂಜೆ ಮಾಡುವ ಊರುಗಳಿವೆ. 2006ರಲ್ಲಿ ಶಿವಣ್ಣ ಈ ಪಾತ್ರ ಮಾಡಿದ್ದು ನಿಮಗೆ ನೆನಪಿರಬೇಕು. ‘ಗಂಡುಗಲಿ ಕುಮಾರರಾಮ’, ನಿರ್ದೇಶನ ಎಚ್.ಆರ್. ಭಾರ್ಗವ. ಅಣ್ಣಾವ್ರಿಗೆ ‘ಭಾಗ್ಯವಂತರು’ ಮಾಡಿದ ಅದೇ ಭಾರ್ಗವ!

“ನೋಡಳಿಯಾ” ಅಂದೆ. “ವಾಲ್ಮಾಂಟ್ ಎಷ್ಟು ಹೆಂಗಸರನ್ನ ಗೆದ್ದ ಅಂತ ಲೆಕ್ಕ ಇಟ್ಟಾಂವ. ಈ ರಾಮ ಬ್ಯಾಡಂದಾಂವ. ಏಳುನೂರು ವರ್ಷ ಆತು, ಮಂದಿ ಯಾರ ತಲಿಗೆ ಹೂವ ಏರಸ್ತಾರ?”

ಅಳಿಯ ನಕ್ಕ. “ನೀ ಏನು ಮಾಮಾ, ಕುಮಾರರಾಮನ ವಂಶದಾಂವ ಮಾತಾಡಿದಂಗ ಮಾತಾಡ್ತಿ!”

ಆಗ ಹೇಳಲೇಬೇಕಾಯಿತು. ಮೂವತ್ತೈದು ವರ್ಷ ಯಾರಿಗೂ ಹೇಳದ್ದು.

ಪಿಯುಸಿಯಲ್ಲಿದ್ದಾಗ ನನ್ನ ಗೆಳೆಯನೊಬ್ಬ ಇಂಥದೇ ಪಂದ್ಯ ಕಟ್ಟಿದ್ದ. ಪಂದ್ಯದ ಹಣ ಒಂದು ಪ್ಲೇಟ್ ಮಿರ್ಚಿ, ಕೊಪ್ಪಳದಲ್ಲಿ ಒಂದು ಸಿನಿಮಾ. ತಲೆ ಎತ್ತದೆ ಕಾಲೇಜಿಗೆ ಬರುತ್ತಿದ್ದ ಹುಡುಗಿಯಿಂದ ಉತ್ತರ ತರಿಸಬೇಕು. ಗೆಳೆಯನ ಅಕ್ಷರ ಕೋಳಿಕಾಲು, ನನ್ನದು ಮುತ್ತು. ನಾಲ್ಕು ಪತ್ರ ಬರೆದುಕೊಟ್ಟೆ. ಸಿನಿಮಾ ಸಂಭಾಷಣೆ ನೆನಪಿಸಿಕೊಂಡು, ಕಣ್ಣೀರು ಬರುವಂತೆ ಬರೆದೆ. ನಾಲ್ಕನೆಯದಕ್ಕೆ ಉತ್ತರ ಬಂತು, ನಾಲ್ಕೇ ಸಾಲು. ಗೆಳೆಯ ಅದನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರಿಗೂ ಓದಿ ತೋರಿಸಿದ. ನಾನೂ ನಕ್ಕೆ. ಮಿರ್ಚಿ ತಿಂದೆ.

ವಾರದೊಳಗೆ ಆಕೆಯ ಕಾಲೇಜು ಬಿಡಿಸಿದರು. ಮುಂದಿನ ತಿಂಗಳು ದೂರದ ಹಳ್ಳಿಗೆ, ವಯಸ್ಸಾದ ಎರಡನೇ ಸಂಬಂಧಕ್ಕೆ ಕೊಟ್ಟು ಕೈ ತೊಳೆದುಕೊಂಡರು.

ಬಹಳ ವರ್ಷಗಳ ಮೇಲೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಕೈಯಲ್ಲಿ ಸಂತೆಚೀಲ. ನಾನು ಮುಖ ತಪ್ಪಿಸಿದೆ. ಆಕೆಯೇ ಹತ್ತಿರ ಬಂದಳು. “ಆ ಅಕ್ಷರ ನಿಮ್ಮದಂತ ಆಮ್ಯಾಲೆ ಗೊತ್ತಾತ್ರಿ. ಚಂದ ಬರೀತಿದ್ರಿ” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ ಬಂತು, ಹತ್ತಿ ಹೋದಳು.

ಕಥೆ ಕೇಳಿ ಅಳಿಯ ಬಹಳ ಹೊತ್ತು ಕಲ್ಲಿನ ಮೇಲೆ ಕೂತಿದ್ದ. ಆಮೇಲೆ ಫೋನು ತೆಗೆದು ಆ ಗ್ರೂಪಿನಿಂದ ಹೊರಬಿದ್ದ.

“ಆಕಿಗೆ ಏನು ಹೇಳ್ಲಿ ಮಾಮಾ?”

“ಇದ್ದದ್ದು ಹೇಳು.”

“ಬೈತಾಳ!”

“ಬೈಸ್ಕೊ. ನನಗ ಆ ಪುಣ್ಯಾನೂ ಇಲ್ಲ.”

ಮಿತ್ರರೇ, ಬಸ್ಸು ಬರುವ ತನಕ ಇದನ್ನು ಓದುತ್ತಿದ್ದೀರಿ. ನಿಮ್ಮ ಜೇಬಿನಲ್ಲೂ ಫೋನು ಇದೆ, ಅದರಲ್ಲೂ ಯಾರದೋ ನಾಲ್ಕು ಸಾಲುಗಳಿರಬಹುದು. ಅದು ಆಕೆ ನಿಮಗೊಬ್ಬರಿಗೇ ಬರೆದದ್ದು. ಅದನ್ನು ಗ್ರೂಪಿಗೆ ಹಾಕಬೇಡಿ.