ವಾದದ ಬಿರುಕು ಹುಡುಕುವ ಪರೀಕ್ಷೆ

‘ಕೆಳಗಿನವುಗಳಲ್ಲಿ ಯಾವುದು ನಿಜವಾಗಿದ್ದರೆ ಲೇಖಕರ ವಾದ ಹೆಚ್ಚು ದುರ್ಬಲವಾಗುತ್ತದೆ?’ ಕ್ಲ್ಯಾಟ್, ಜಿಮ್ಯಾಟ್‌ನಂಥ ಪರೀಕ್ಷೆಗಳಲ್ಲಿ ಈ ಪ್ರಶ್ನೆ ತಪ್ಪದೆ ಎದುರಾಗುತ್ತದೆ. ತೀರ್ಮಾನವನ್ನು ಜೋರಾಗಿ ಅಲ್ಲಗಳೆಯುವ ಆಯ್ಕೆಯತ್ತ ಕೈ ತಾನಾಗಿ ಹೋಗುತ್ತದೆ. ಕ್ಲ್ಯಾಟ್‌ನಲ್ಲಾದರೆ ಅಲ್ಲಿಗೆ ಕಾಲು ಅಂಕ ಖೋತಾ.

ವಾದವನ್ನು ದುರ್ಬಲಗೊಳಿಸುವುದೆಂದರೆ ಅದರ ಪುರಾವೆಯನ್ನು ಸುಳ್ಳೆನ್ನುವುದಲ್ಲ. ಪುರಾವೆಯನ್ನು ಒಪ್ಪಿಕೊಂಡೇ ಅದಕ್ಕೂ ತೀರ್ಮಾನಕ್ಕೂ ನಡುವಿನ ಬಿರುಕು ತೋರಿಸಬೇಕು. ಇದಕ್ಕೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಕರಣಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 1973ರಲ್ಲಿ ಅಲ್ಲಿನ ಸ್ನಾತಕೋತ್ತರ ಕೋರ್ಸುಗಳಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ 44 ಮಂದಿಗೆ, ಹೆಂಗಸರಲ್ಲಿ ಶೇ 35 ಮಂದಿಗೆ ಸೀಟು ಸಿಕ್ಕಿತ್ತು. ಮೇಲ್ನೋಟಕ್ಕೆ ಲಿಂಗ ತಾರತಮ್ಯವೇ. ವಿಭಾಗವಾರು ಲೆಕ್ಕ ತೆಗೆದಾಗ ಆ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಸೀಟು ಸಿಗುವುದೇ ದುಸ್ತರವಾದ ವಿಭಾಗಗಳಿಗೆ ಹೆಚ್ಚು ಹೆಂಗಸರು ಅರ್ಜಿ ಹಾಕಿದ್ದರು. 1975ರಲ್ಲಿ ‘ಸೈನ್ಸ್’ ಪತ್ರಿಕೆ ಈ ವಿಶ್ಲೇಷಣೆಯನ್ನು ಪ್ರಕಟಿಸಿತು. ಮೂಲ ಅಂಕಿಗಳಲ್ಲಿ ಒಂದೂ ಬದಲಾಗಲಿಲ್ಲ, ತೀರ್ಮಾನ ಮಾತ್ರ ಅಲುಗಾಡಿತು.

ಇದನ್ನೇ ಪರೀಕ್ಷೆಯ ಪ್ರಶ್ನೆ ಮಾಡಿದರೆ ಬಲೆಯ ಆಯ್ಕೆಗಳು ಹೇಗಿದ್ದಾವು? ‘ಅರ್ಜಿ ಹಾಕಿದ ಹೆಂಗಸರ ಸಂಖ್ಯೆಯೇ ಕಡಿಮೆ’ ಎಂಬುದು ಚಾಲಾಕಿ ಆಯ್ಕೆ. ಆದರೆ ವಾದ ನಿಂತಿರುವುದು ಶೇಕಡಾವಾರಿನ ಮೇಲೆ, ಒಟ್ಟು ಸಂಖ್ಯೆಯ ಮೇಲಲ್ಲ. ‘ಬೇರೆ ವಿಶ್ವವಿದ್ಯಾಲಯಗಳಲ್ಲಿ ತಾರತಮ್ಯವಿಲ್ಲ’ ಎಂಬುದಕ್ಕೂ ಬರ್ಕ್ಲಿಗೂ ಸಂಬಂಧವಿಲ್ಲ. ‘ಆಡಳಿತ ಮಂಡಳಿ ಆರೋಪ ನಿರಾಕರಿಸಿದೆ’ ಎಂಬುದಂತೂ ಬರೀ ಹೇಳಿಕೆ.

ಇನ್ನೊಂದು ಮಾತು. ‘ಎಲ್ಲ’, ‘ಯಾವತ್ತೂ’ ಎಂಬ ಪದ ಕಂಡ ಕೂಡಲೇ ಆಯ್ಕೆಯನ್ನು ಹೊಡೆದುಹಾಕುವ ಚಾಳಿ ಇಲ್ಲಿ ಕೈಕೊಡುತ್ತದೆ. ‘ನಿಜವಾಗಿದ್ದರೆ’ ಎಂದು ಪ್ರಶ್ನೆಯೇ ಹೇಳಿರುವುದರಿಂದ, ವಿಷಯಕ್ಕೆ ಸಂಬಂಧಿಸಿದ್ದರೆ ಖಡಾಖಂಡಿತ ಮಾತೇ ಹೆಚ್ಚು ಪೆಟ್ಟು ಕೊಡಬಲ್ಲದು.

ಪರೀಕ್ಷಾ ಕೊಠಡಿಯ ಹೊರಗೆ ಆ ‘ನಿಜವಾಗಿದ್ದರೆ’ಯ ರಿಯಾಯಿತಿ ಇಲ್ಲ. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಹೇಳಿದಾಗ, ಸಂಖ್ಯಾಶಾಸ್ತ್ರದ ದಿಗ್ಗಜ ರೊನಾಲ್ಡ್ ಫಿಶರ್ ಆಕ್ಷೇಪಿಸಿದರು. ಸಿಗರೇಟಿನ ಚಟಕ್ಕೂ ಕ್ಯಾನ್ಸರಿಗೂ ಒಂದೇ ಆನುವಂಶಿಕ ಗುಣ ಕಾರಣವಾಗಿರಬಹುದಲ್ಲ ಎಂಬುದು ಅವರ ತರ್ಕ. (ಫಿಶರ್ ಸ್ವತಃ ಪೈಪ್ ಸೇದುತ್ತಿದ್ದರು.) ಪ್ರಶ್ನೆಪತ್ರಿಕೆಯಲ್ಲಾಗಿದ್ದರೆ ಇದಕ್ಕೆ ಪೂರ್ಣ ಅಂಕ. ಆದರೆ ಡಾಲ್ ಮತ್ತು ಹಿಲ್ 1951ರಿಂದ ಬ್ರಿಟನ್ನಿನ ವೈದ್ಯರ ಬೆನ್ನುಹತ್ತಿ ಕಲೆಹಾಕಿದ ಲೆಕ್ಕದಲ್ಲಿ, ಸಿಗರೇಟು ಬಿಟ್ಟವರಿಗೆ ಅಪಾಯ ತಗ್ಗಿದ್ದು ಕಂಡಿತು. ಚಟ ಬಿಟ್ಟ ಮಾತ್ರಕ್ಕೆ ಆನುವಂಶಿಕ ಗುಣ ಬದಲಾಗುವುದಿಲ್ಲ.